ಥರ್ಟಿ–ಫಾರ್ಟಿ ಮನೆಯೊಳಗಿನ ಹವೆ

ಏಪ್ರಿಲ್ ತಿಂಗಳ ರಾತ್ರಿ ಹತ್ತೂವರೆ. ಟೆರೇಸಿನಲ್ಲಿ ನಿಂತರೆ ತಣ್ಣನೆ ಗಾಳಿ ಬೀಸುತ್ತಿರುತ್ತದೆ. ಮೆಟ್ಟಿಲಿಳಿದು ಅದರ ಕೆಳಗಿನ ಬೆಡ್‌ರೂಮಿಗೆ ಬಂದರೆ ಫ್ಯಾನು ಬಿಸಿಗಾಳಿ ಸುರಿಯುತ್ತದೆ. ಹಾಸಿಗೆ ಬೆಚ್ಚಗೆ, ದಿಂಬೂ ಬೆಚ್ಚಗೆ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ ಕೂತಿರುವ ಬೆಂಗಳೂರಿಗೆ ರಾತ್ರಿಯ ತಂಪು ಪುಕ್ಕಟೆಯಾಗಿ ಸಿಗುತ್ತದೆ. ಕಡುಬೇಸಿಗೆಯಲ್ಲೂ ಬೆಳಗಿನ ಜಾವಕ್ಕೆ ಹೊರಗಿನ ತಾಪ 22 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಆ ತಂಪು ಮನೆಯೊಳಗೆ ಕಾಲಿಡುವುದಿಲ್ಲ, ಅಷ್ಟೆ.

ಪೇಟೆಯ ಬದುಕು ಆರೋಗ್ಯ ಕೆಡಿಸುತ್ತದೆ ಅನ್ನುವುದು ತೀರಾ ಸಡಿಲವಾದ ಮಾತು. ಊರು ಇಡಿಯಾಗಿ ಯಾರ ಮೈಮೇಲೂ ಬೀಳುವುದಿಲ್ಲ. ಅದು ಸೂರಿನಿಂದ ಬಿಸಿಯಾಗಿ, ಕಿಟಕಿಯಿಂದ ಸದ್ದಾಗಿ, ಒಲೆಯಿಂದ ಹೊಗೆಯಾಗಿ, ಸಂಪಿನಿಂದ ಸೊಳ್ಳೆಯಾಗಿ ಬರುತ್ತದೆ. ಒಂದೊಂದಕ್ಕೂ ಅದರದೇ ದಾರಿ. ತೊಡಕು ಏನೆಂದರೆ, ಒಂದರ ದಾರಿ ಮುಚ್ಚಿದರೆ ಇನ್ನೊಂದು ಒಳಗೇ ಸಿಕ್ಕಿಕೊಳ್ಳುತ್ತದೆ. ಕಿಟಕಿ ತೆರೆದರೆ ಗಾಳಿಯ ಹಿಂದೆಯೇ ಸೊಳ್ಳೆ, ಹಾರನ್ನು. ಮುಚ್ಚಿದರೆ ಸೆಖೆ, ಕಟ್ಟಿದ ಉಸಿರು. ಬೆಂಗಳೂರಿನಲ್ಲಿ ಎಲ್ಲಿ ನೋಡಿದರೂ ಕಾಣುವ ಥರ್ಟಿ–ಫಾರ್ಟಿ ಸೈಟಿನ ಮನೆಯನ್ನೇ ತೆಗೆದುಕೊಳ್ಳಿ: 1200 ಚದರಡಿ ಜಾಗ, ಕೆಳಗೆ ಪಾರ್ಕಿಂಗ್, ಮೇಲೆ ಮೂರು ನಾಲ್ಕು ಮಹಡಿ, ಕೈ ಚಾಚಿದರೆ ಪಕ್ಕದವರ ಗೋಡೆ. ಇಲ್ಲಿ ಯಾವುದು ಎಲ್ಲಿಂದ ಬರುತ್ತದೆ, ಎಷ್ಟನ್ನು ತಡೆಯಬಹುದು ಎಂದು ನೋಡೋಣ.

ಸೂರು ಎಂಬ ಒಲೆ

ಐದಿಂಚಿನ ಆರ್‌ಸಿಸಿ ಸ್ಲ್ಯಾಬು ಒಂದು ಚದರ ಮೀಟರಿಗೆ ಸುಮಾರು 300 ಕಿಲೋ ತೂಗುತ್ತದೆ. ಹತ್ತು–ಹನ್ನೆರಡರ ರೂಮಿನ ಮೇಲೆ ಅಲ್ಲಿಗೆ ಮೂರು ಟನ್ನಿಗೂ ಮೀರಿದ ಕಾಂಕ್ರೀಟು. ಹಗಲಿಡೀ ಬಿಸಿಲು ಕುಡಿದು ಅದರ ತಾಪ ಸರಾಸರಿ ಹತ್ತು ಡಿಗ್ರಿ ಏರಿತು ಅಂದುಕೊಂಡರೆ, ಅದರೊಳಗೆ ಸೇರಿಕೊಂಡ ಶಾಖ ಸುಮಾರು ಎಂಟು ಯೂನಿಟ್ಟು. ಸಾವಿರ ವಾಟಿನ ಹೀಟರನ್ನು ಎಂಟು ಗಂಟೆ ಉರಿಸಿದಷ್ಟು. ಇದರಲ್ಲಿ ಒಂದು ಪಾಲು ರಾತ್ರಿ ಆಕಾಶಕ್ಕೆ ಹೋಗುತ್ತದೆ, ಉಳಿದದ್ದು ಕೆಳಗೆ ಮಲಗಿದವರ ಮೇಲೆ. ಮೇಲ್ಮೈ ಮಧ್ಯಾಹ್ನ ಒಂದೆರಡು ಗಂಟೆಗೆ ಅತಿ ಹೆಚ್ಚು ಕಾದಿದ್ದರೂ ಆ ಬಿಸಿ ಕಾಂಕ್ರೀಟು ದಾಟಿ ಒಳಮೈಗೆ ಬರಲು ಮೂರು ನಾಲ್ಕು ಗಂಟೆ ಬೇಕು. ಹೊರಗೆ ಹೊತ್ತು ಇಳಿಯುವಾಗ ಒಳಗೆ ಸೂರು ಕಾವೇರುವುದು ಇದಕ್ಕೇ.

ಇಂಥ ರೂಮಿನಲ್ಲಿ ಫ್ಯಾನು ಸೋಲುವುದಕ್ಕೂ ಕಾರಣವಿದೆ. ಫ್ಯಾನು ಗಾಳಿಯನ್ನು ತಣಿಸುವುದಿಲ್ಲ, ಮೈಮೇಲಿನ ಬೆವರನ್ನು ಆರಿಸುತ್ತದೆ. ಕಾದ ಸೂರಿನಿಂದ ಝಳ ನೇರವಾಗಿ ಮೈಗೆ ಬೀಳುತ್ತದೆ. ಕೆಂಡದ ಪಕ್ಕ ಕೂತು ಬೀಸಣಿಗೆ ಬೀಸಿಕೊಂಡರೆ ಝಳ ನಿಲ್ಲುತ್ತದೆಯೇ? ಸಾಲದ್ದಕ್ಕೆ, ಸೂರಿಗೆ ಅಂಟಿಕೊಂಡಿದ್ದ ಬಿಸಿಗಾಳಿಯನ್ನೂ ಫ್ಯಾನು ಕೆಳಕ್ಕೆ ತಳ್ಳುತ್ತದೆ.

ನಿದ್ದೆ ಬರಬೇಕಾದರೆ ದೇಹದ ಒಳಗಿನ ತಾಪ ತುಸು ಇಳಿಯಬೇಕು. ಕೈ, ಕಾಲು, ಮುಖದ ಚರ್ಮದ ಮೂಲಕ ಶಾಖ ಹೊರಗೆ ಹೋಗಬೇಕು. ಸುತ್ತಲಿನ ಗೋಡೆ, ಸೂರು ಚರ್ಮದಷ್ಟೇ ಬಿಸಿಯಾಗಿದ್ದರೆ ಅದು ಆಗುವುದಿಲ್ಲ. ನಿದ್ದೆ ತಡವಾಗುತ್ತದೆ, ಗಾಢ ನಿದ್ದೆ ಕಡಿಮೆಯಾಗುತ್ತದೆ, ಎಚ್ಚರ ಹೆಚ್ಚು. ವಯಸ್ಸಾದವರಲ್ಲಿ, ರಕ್ತದೊತ್ತಡಕ್ಕೆ ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಇದು ಬರೀ ಕಿರಿಕಿರಿಯಾಗಿ ಉಳಿಯುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಅಂಥ ದಿನದ ಬಿಸಿಲನ್ನು ಮೇಲಿನ ಮಹಡಿಯವರು ರಾತ್ರಿಯಿಡೀ ಇನ್ನೊಮ್ಮೆ ಉಣ್ಣಬೇಕು.

ಮದ್ದು ಅಗ್ಗವಾಗಿದೆ: ಬಿಸಿಲನ್ನು ಸ್ಲ್ಯಾಬಿನ ಮೇಲೆಯೇ ತಿರುಗಿಸಿ ಕಳಿಸುವುದು. ಹಳತಾಗಿ ಕಪ್ಪಿಟ್ಟ ಕಾಂಕ್ರೀಟು ಬಿಸಿಲಿನ ಕಾಲು ಭಾಗದಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ; ಹೊಸದಾಗಿ ಬಳಿದ ಕೂಲ್ ರೂಫ್ ಬಿಳಿ ಬಣ್ಣ ಮುಕ್ಕಾಲಿಗೂ ಹೆಚ್ಚು. ಫೆಬ್ರವರಿಯಲ್ಲೇ ಕೆಲಸ ಮುಗಿಸಬೇಕು. ಮೊದಲು ತಂತಿ ಬ್ರಷ್ಷಿನಿಂದ ಪಾಚಿ ಉಜ್ಜಿ, ತೊಳೆದು, ಎರಡು ದಿನ ಒಣಗಲು ಬಿಡಿ. ಬಿರುಕುಗಳನ್ನು ಕ್ರ್ಯಾಕ್ ಫಿಲ್ಲರ್‌ನಿಂದ ತುಂಬಿ, ಪ್ರೈಮರ್ ಹಾಕಿ, ಒಂದಕ್ಕೊಂದು ಅಡ್ಡವಾಗಿ ಎರಡು ಕೋಟು ಬಳಿಯಿರಿ. ಅಷ್ಟು ಖರ್ಚು ಬೇಡ ಅನ್ನುವವರಿಗೆ ಸುಣ್ಣ ಇದ್ದೇ ಇದೆ. ರಾತ್ರಿ ನೆನೆಸಿ ಅರಳಿಸಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು ಬೆರೆಸಿ ಮೂರು ಸಲ ಬಳಿದರೆ ಆ ಬೇಸಿಗೆಗೆ ಸಾಕು. ಮಳೆಗಾಲ ಕಳೆಯುವಷ್ಟರಲ್ಲಿ ತೊಳೆದುಹೋಗುತ್ತದೆ. ಸುಣ್ಣ ಅರಳುವಾಗ ಕುದಿಯುತ್ತದೆ; ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಬೇಕೇ ಬೇಕು. ಟೆರೇಸಿನ ಮಳೆನೀರನ್ನು ಸಂಪಿಗೆ ಬಿಡುವವರು ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಹರಿಸಬೇಕು.

ಇಲ್ಲಿ ಎಡವುವುದು ಎರಡು ಕಡೆ. ಒಂದು, ಬಿಳಿ ಬಣ್ಣ ಬಳಿದು ಮರೆತುಬಿಡುವುದು. ಧೂಳು ಕೂತ ಬಿಳಿ ಬಿಳಿಯಾಗಿ ಉಳಿಯುವುದಿಲ್ಲ, ವರ್ಷಕ್ಕೊಮ್ಮೆ ಬೇಸಿಗೆಗೆ ಮುಂಚೆ ತೊಳೆಯಬೇಕು. ಎರಡು, ಮೇಲೆ ಏನೂ ಮಾಡದೆ ಒಳಗೆ ಜಿಪ್ಸಂ ಫಾಲ್ಸ್ ಸೀಲಿಂಗ್ ಕಟ್ಟಿಸುವುದು. ಝಳ ಸ್ವಲ್ಪ ತಗ್ಗುತ್ತದೆ ನಿಜ; ಆದರೆ ರೂಮಿನ ಎತ್ತರ ಇಳಿಯುತ್ತದೆ, ಸ್ಲ್ಯಾಬು ಮಾತ್ರ ಎಂದಿನಂತೆ ಕಾಯುತ್ತಲೇ ಇರುತ್ತದೆ. ಈಗೀಗ ಬೆಂಗಳೂರಿನ ಟೆರೇಸುಗಳ ಮೇಲೆಲ್ಲ ಎದ್ದಿರುವ ಶೀಟಿನ ಚಪ್ಪರ ನೋಡಲು ಚೆಂದವಿಲ್ಲದಿದ್ದರೂ ಕೆಲಸ ಮಾಡುತ್ತದೆ: ಶೀಟು ಬಿಸಿಲನ್ನು ತಾನು ಹೊತ್ತುಕೊಳ್ಳುತ್ತದೆ, ನಾಲ್ಕೂ ಬದಿ ತೆರೆದಿದ್ದರೆ ನಡುವಿನ ಗಾಳಿ ಆ ಬಿಸಿಯನ್ನು ಹೊತ್ತೊಯ್ಯುತ್ತದೆ. ಬದಿಗಳನ್ನು ಮುಚ್ಚಿ ರೂಮು ಮಾಡಿಕೊಂಡಿರೋ, ಲಾಭವೆಲ್ಲ ಹೋಯಿತು.

ಪಡುವಣ ಗೋಡೆಯದ್ದು ಬೇರೆ ಕತೆ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಓರೆಯಾಗಿ ಬರುವುದರಿಂದ ಕಿಟಕಿಯ ಮೇಲಿನ ಸಜ್ಜಾ ಅದನ್ನು ತಡೆಯಲಾರದು. ಒಳಗಿನ ಕರ್ಟನ್ನೂ ಅಷ್ಟೆ, ಗಾಜು ದಾಟಿದ ಬಿಸಿಲು ಆಗಲೇ ಒಳಗೆ ಬಂದಾಗಿದೆ. ಬಿದಿರಿನ ಪರದೆಯನ್ನು ಗಾಜಿನ ಹೊರಗೆ ಕಟ್ಟಬೇಕು.

ಉಸಿರಿಗೆ ಎಷ್ಟು ಕಿಟಕಿ?

ಹತ್ತಡಿ ಉದ್ದ, ಅಗಲ, ಎತ್ತರದ ರೂಮಿನಲ್ಲಿ 28 ಸಾವಿರ ಲೀಟರ್ ಗಾಳಿ ಇರುತ್ತದೆ. ಮಲಗಿದ ಒಬ್ಬ ವಯಸ್ಕ ಗಂಟೆಗೆ ಸುಮಾರು ಹನ್ನೆರಡು ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಇಬ್ಬರು ಮಲಗಿ ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಅದರ ಪ್ರಮಾಣ ಗಂಟೆಗೆ 800 ಪಿಪಿಎಂನಷ್ಟು, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 800 ಪಾಲಿನಷ್ಟು, ಏರುತ್ತದೆ. ಹೊರಗಿನ ಗಾಳಿಯಲ್ಲಿರುವುದು 420ರ ಆಸುಪಾಸು. ಸಂದಿಗೊಂದಿಯಲ್ಲಿ ಒಂದಿಷ್ಟು ಹೊರಹೋದರೂ ಬೆಳಗಾಗುವುದರೊಳಗೆ ಎರಡು ಮೂರು ಸಾವಿರ ದಾಟುವುದು ಮಾಮೂಲು. ಇದರಿಂದ ಯಾರೂ ಸಾಯುವುದಿಲ್ಲ. ಎದ್ದಾಗ ತಲೆ ಭಾರ, ಬಾಯಿ ಒಣಗಿದ ಹಾಗೆ, ಎಂಟು ಗಂಟೆ ಮಲಗಿದರೂ ನಿದ್ದೆಯಾಗದಂತೆ. ಸ್ಪ್ಲಿಟ್ ಎಸಿ ಹಾಕಿಸಿದರೆ ಸರಿಹೋಗುತ್ತದೆ ಎಂದು ನಂಬಿದವರು ಬಹಳ. ಅದು ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಅದೇ ಗಾಳಿಯನ್ನು ಮತ್ತೆ ಮತ್ತೆ ತಣಿಸಿ ತಿರುಗಿಸುತ್ತದೆ. ಬಾಗಿಲನ್ನು ನಾಲ್ಕು ಬೆರಳು ತೆರೆದಿಟ್ಟು, ಹಾಲ್ ಕಿಟಕಿಯೊಂದನ್ನು ತೆರೆದರೆ ಲೆಕ್ಕ ಬಹಳಷ್ಟು ಇಳಿಯುತ್ತದೆ.

ರಾಷ್ಟ್ರೀಯ ಕಟ್ಟಡ ಸಂಹಿತೆ ಗಾಳಿಕಿಂಡಿಗೆ ಒಂದು ಅಳತೆ ಕೊಟ್ಟಿದೆ: ಬಿಸಿ–ಒಣ ಹವೆಯ ಊರಲ್ಲಿ ನೆಲದ ಹತ್ತನೇ ಒಂದು ಪಾಲು, ಬಿಸಿ–ತೇವದ ಊರಲ್ಲಿ ಆರನೇ ಒಂದು, ಇವುಗಳ ನಡುವಿನದರಲ್ಲಿ ಎಂಟನೇ ಒಂದು. ಬಾಗಿಲು ಈ ಲೆಕ್ಕಕ್ಕಿಲ್ಲ. 120 ಚದರಡಿ ರೂಮಿಗೆ ಎಂಟನೇ ಒಂದರಂತೆ 15 ಚದರಡಿ ಬೇಕು. ನಾಲ್ಕು–ನಾಲ್ಕರ ಕಿಟಕಿ ಇಟ್ಟಿದ್ದಾರೆ, 16 ಆಯಿತಲ್ಲ ಅಂತ ಸಮಾಧಾನ ಪಡುವ ಮುನ್ನ ಕಿಟಕಿ ಯಾವ ತರಹದ್ದೆಂದು ನೋಡಿ. ಸ್ಲೈಡಿಂಗ್ ಕಿಟಕಿ ತೆರೆದುಕೊಳ್ಳುವುದು ಅರ್ಧ ಮಾತ್ರ. 16 ಅಲ್ಲಿಗೆ ಎಂಟಾಯಿತು. ಅದರ ಮೇಲೆ ಸೊಳ್ಳೆ ಪರದೆ, ಗಾಳಿಯ ವೇಗ ಇನ್ನಷ್ಟು ಕಡಿತ. ಮೂರಡಿ ಆಚೆ ಪಕ್ಕದ ಮನೆಯ ಗೋಡೆ ನಿಂತಿದ್ದರೆ ಬೀಸುವ ಗಾಳಿಯೇ ಇಲ್ಲ. ಹೊಸ ಮನೆ ಕಟ್ಟಿಸುವವರು ಒಂದೇ ಒಂದು ಮಾತು ಹಠ ಹಿಡಿಯುವುದಾದರೆ, ಬೆಡ್‌ರೂಮಿಗೆ ರೆಕ್ಕೆ ತೆರೆಯುವ ಹಳೇ ಮಾದರಿಯ ಕಿಟಕಿ ಬೇಕೆಂದು ಹಿಡಿಯಲಿ.

ಇದನ್ನೆಲ್ಲ ಬೆಂಗಳೂರು ಒಮ್ಮೆ ಕಲಿತಿತ್ತು. 1898ರಲ್ಲಿ ಪ್ಲೇಗು ಬಡಿದಾಗ ಪೇಟೆಯ ಇಕ್ಕಟ್ಟಿನ ಓಣಿಗಳಿಂದ ಜನರನ್ನು ಹೊರಗೆ ತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ದಂಡಿನ ಪ್ರದೇಶದಲ್ಲಿ (ಕಂಟೋನ್ಮೆಂಟಿನಲ್ಲಿ) ಫ್ರೇಜರ್ ಟೌನ್ ಬಂತು. ಮಲ್ಲೇಶ್ವರದಲ್ಲಿ ಮನೆಸಾಲಿನ ಹಿಂದೆ ಕನ್ಸರ್ವೆನ್ಸಿ ಓಣಿ ಬಿಟ್ಟರು. ಅದು ಮಲ ಹೊರುವವರ ದಾರಿ, ಆ ಕಾಲದ ಜಾತಿ ಕ್ರೌರ್ಯದ ಗುರುತು. ಆದರೂ ಮನೆಗೆ ಮುಂದೊಂದು ಹಿಂದೊಂದು ತೆರೆದ ಬದಿ ಸಿಕ್ಕಿದ್ದು ಅದರಿಂದಲೇ, ಗಾಳಿ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಟಿದ್ದೂ ಅದರಿಂದಲೇ. ಪ್ಲೇಗು ಹರಡುತ್ತಿದ್ದುದು ಇಲಿಯ ಚಿಗಟದಿಂದ, ಆಗ ಹಲವರು ಅಂದುಕೊಂಡಂತೆ ಕೆಟ್ಟ ಗಾಳಿಯಿಂದಲ್ಲ. ಕಾರಣ ಏನೇ ಇರಲಿ, ಮನೆ ಮಾತ್ರ ಚೆನ್ನಾಗಿ ಬಂತು.

ನಾಲ್ಕೂ ಬದಿ ಮುಚ್ಚಿಹೋದ ಈಗಿನ ಮನೆಯಲ್ಲಿ ಉಳಿದಿರುವ ಒಂದು ದಾರಿ ಮೆಟ್ಟಿಲ ಗೂಡು. ಬಿಸಿಗಾಳಿ ತಾನಾಗಿ ಮೇಲೇರುತ್ತದೆ. ಟೆರೇಸಿನ ಬಾಗಿಲಿಗೆ ಒಂದು ಗ್ರಿಲ್ ಗೇಟು, ಅದಕ್ಕೊಂದು ಸೊಳ್ಳೆ ಪರದೆ ಹಾಕಿ ರಾತ್ರಿ ತೆರೆದಿಟ್ಟರೆ ಇಡೀ ಮೆಟ್ಟಿಲ ಗೂಡು ಚಿಮಣಿಯ ಹಾಗೆ ಬಿಸಿಯನ್ನು ಎಳೆದು ಹೊರಹಾಕುತ್ತದೆ, ಕೆಳಗಿನ ಕಿಟಕಿಗಳಿಂದ ತಂಪು ಬರುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತು ಹತ್ತಕ್ಕೆ ಎಲ್ಲ ಮುಚ್ಚಿ, ಹೊರಗೆ ತಣ್ಣಗಾದ ಮೇಲೆ ಎಲ್ಲ ತೆರೆಯುವುದು ಕ್ರಮ. ಚಳಿಗಾಲದಲ್ಲಿ ಇದು ತಿರುಗುಮುರುಗು: ನಸುಕಿನಲ್ಲಿ ತಣ್ಣನೆ ಗಾಳಿ ನೆಲಕ್ಕೆ ಕುಳಿತು, ವಾಹನದ ಹೊಗೆ, ತರಗೆಲೆ ಸುಟ್ಟ ಹೊಗೆ ಎಲ್ಲ ಅದರಲ್ಲೇ ಸಿಕ್ಕಿಬೀಳುತ್ತವೆ. ಆಗ ಬಿಸಿಲೇರಿದ ಮೇಲೆ ಕಿಟಕಿ ತೆರೆಯುವುದು ಮೇಲು. ಸೂಕ್ಷ್ಮ ಧೂಳಿಗೆ, ಅಂದರೆ ಪಿಎಂ 2.5ಕ್ಕೆ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ ಮಾನದಂಡ 40. ನಮ್ಮಲ್ಲಿ ಮಿತಿಯೊಳಗಿದೆ ಎಂಬ ಸುದ್ದಿ ಓದುವಾಗ ಈ ಎರಡು ಅಂಕಿಗಳ ನಡುವಿನ ದೂರ ನೆನಪಿರಲಿ.

ಅಡುಗೆಮನೆಯ ಹೊಗೆಯನ್ನು ಹೊರಗಿನದಕ್ಕಿಂತ ಹಗುರ ಎಂದುಕೊಳ್ಳಬೇಡಿ. ಒಗ್ಗರಣೆ, ಬಾಣಲೆಯಲ್ಲಿ ಹುರಿಯುವ ಮೆಣಸಿನಕಾಯಿ, ಕಾದ ಎಣ್ಣೆ, ಎಲ್ಲವೂ ಅದೇ ಜಾತಿಯ ಸೂಕ್ಷ್ಮ ಕಣ ಬಿಡುತ್ತವೆ. ಎಕ್ಸಾಸ್ಟ್ ಫ್ಯಾನಿನ ಪಕ್ಕದ ಕಿಟಕಿಯನ್ನೇ ತೆರೆದಿಟ್ಟರೆ ಫ್ಯಾನು ಅದೇ ಕಿಟಕಿಯ ಗಾಳಿ ಎಳೆದು ಹೊರಗೆ ಹಾಕುತ್ತದೆ, ಒಲೆ ಮೇಲಿನ ಹೊಗೆ ಅಲ್ಲೇ ಇರುತ್ತದೆ. ಆ ಕಿಟಕಿ ಮುಚ್ಚಿ, ಎದುರು ಬದಿಯದನ್ನು ತೆರೆಯಬೇಕು. ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಫ್ಯಾನು ಓಡಲಿ. ಚಿಮಣಿಯ ಪೈಪು ಹೊರಗೆ ಹೋಗಲೇಬೇಕು. ಆರಿಂಚಿನ ಪೈಪನ್ನು ಗೋಡೆಯ ತೂತಿಗೆ ಹೊಂದಿಸಲು ನಾಲ್ಕಿಂಚಿಗೆ ಇಳಿಸಿ, ಮೂರು ಕಡೆ ಬಾಗಿಸಿದರೆ ಸದ್ದು ಹೆಚ್ಚಾಗಿ ಎಳೆತ ಕಡಿಮೆಯಾಗುತ್ತದೆ.

ಗ್ಯಾಸ್ ಗೀಸರ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಮುಚ್ಚಿದ ಬಾತ್‌ರೂಮಿನೊಳಗೆ ಅದು ಉರಿದಂತೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆ ಸುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಚಿಲಕ ತೆಗೆಯಲು ಕಾಲಲ್ಲಿ ಶಕ್ತಿ ಇರುವುದಿಲ್ಲ. ಗೀಸರನ್ನೂ ಸಿಲಿಂಡರನ್ನೂ ಬಾತ್‌ರೂಮಿನ ಹೊರಗೆ, ಬಯಲು ಗಾಳಿ ಆಡುವ ಜಾಗದಲ್ಲಿ ಇಟ್ಟು, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರಬೇಕು. ಗೀಸರ್ ಒಳಗಿರುವ ಬಾಡಿಗೆ ಮನೆಯಲ್ಲಿ ಬಕೆಟ್ ತುಂಬಿಸಿ, ಆರಿಸಿ, ಬಾಗಿಲು ತೆರೆದು ಗಾಳಿ ಆಡಿದ ಮೇಲೆ ಸ್ನಾನಕ್ಕೆ ಹೋಗಬೇಕು. ಮಾಲೀಕರಿಗೆ ಅದನ್ನು ಹೊರಗೆ ಹಾಕಿಸಲು ಹೇಳುವುದು ಅದರ ನಂತರದ ಕೆಲಸ.

ಅಭ್ಯಾಸವಾಗದ ಸದ್ದು

ರಾತ್ರಿ ಲಾರಿ ಓಡಾಡುವ ರಸ್ತೆಯವರನ್ನು ಕೇಳಿದರೆ 'ಅಭ್ಯಾಸ ಆಗಿಹೋಗಿದೆ' ಅನ್ನುತ್ತಾರೆ. ಕಿವಿಗೆ ಆಗಿರಬಹುದು, ಎದೆಗೆ ಆಗಿರುವುದಿಲ್ಲ. ಎಚ್ಚರವಾಗದಿದ್ದರೂ ಪ್ರತಿ ದೊಡ್ಡ ಸದ್ದಿಗೆ ಹೃದಯದ ಬಡಿತ ಏರುತ್ತದೆ, ರಕ್ತನಾಳ ಬಿಗಿಯುತ್ತದೆ. ವರ್ಷಗಟ್ಟಲೆ ಹೀಗಾದರೆ ರಕ್ತದೊತ್ತಡ, ಹೃದ್ರೋಗದ ಅಪಾಯ ಹೆಚ್ಚು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಡೆಸಿಬಲ್ ಲೆಕ್ಕ ನಮ್ಮ ಮಾಮೂಲಿ ಕೂಡು ಕಳೆ ಅಲ್ಲ: ಹತ್ತು ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟು, ಕಿವಿಗೆ ಕೇಳುವುದು ಸುಮಾರು ಎರಡು ಪಟ್ಟು.

ಗಾಳಿ ನುಗ್ಗುವ ಕಡೆಯಲ್ಲೆಲ್ಲ ಸದ್ದೂ ನುಗ್ಗುತ್ತದೆ. ಕಿಟಕಿಯ ವಿಸ್ತೀರ್ಣದ ನೂರನೇ ಒಂದು ಭಾಗ ಸಂದಿ ಉಳಿದರೆ ಸಾಕು, ಗಾಜು ಎಷ್ಟೇ ದಪ್ಪಗಿದ್ದರೂ ಒಟ್ಟು ತಡೆ 20 ಡೆಸಿಬಲ್ಲಿಗೆ ನಿಂತುಬಿಡುತ್ತದೆ. ಸಾವಿರಾರು ರೂಪಾಯಿ ಸುರಿದು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ) ಕಿಟಕಿ ಹಾಕಿಸಿ ಏನೂ ವ್ಯತ್ಯಾಸವಿಲ್ಲ ಎಂದು ಗೊಣಗುವವರ ಮನೆಯಲ್ಲಿ ನೋಡಿ: ಕಿಟಕಿ ಸ್ಲೈಡಿಂಗ್ ಆಗಿರುತ್ತದೆ, ಅದರ ಹಳಿಯ ಬ್ರಷ್ಷಿನ ಸಂದಿಯಲ್ಲಿ ಸದ್ದು ಸೋರುತ್ತದೆ, ಇಲ್ಲವೇ ಚೌಕಟ್ಟಿಗೂ ಗೋಡೆಗೂ ನಡುವಿನ ಜಾಗಕ್ಕೆ ಫೋಮ್ ತುಂಬದೆ ಮೇಲೆ ಸಿಲಿಕೋನ್ ಎಳೆದಿರುತ್ತಾರೆ. ರಬ್ಬರ್ ಗ್ಯಾಸ್ಕೆಟ್ ಇರುವ, ರೆಕ್ಕೆ ಬಿಗಿಯಾಗಿ ಕೂರುವ ಕಿಟಕಿ ಇದಕ್ಕೆ ಬೇಕು. ದಪ್ಪ ಕರ್ಟನ್ ರೂಮಿನೊಳಗಿನ ಮಾರ್ದನಿ ತಗ್ಗಿಸುತ್ತದೆ, ಹೊರಗಿನ ಹಾರನ್ನಿಗೆ ಅದು ಲೆಕ್ಕಕ್ಕಿಲ್ಲ. ಇದ್ಯಾವುದಕ್ಕೂ ಮುಂಚೆ ದುಡ್ಡಿಲ್ಲದ ಕೆಲಸ ಒಂದಿದೆ: ರಸ್ತೆ ಬದಿಯ ರೂಮನ್ನು ಹಾಲ್ ಮಾಡಿ, ಮಂಚವನ್ನು ಹಿಂದಿನ ರೂಮಿಗೆ ಒಯ್ಯುವುದು.

ಸೊಳ್ಳೆ ಎರಡು ಬಗೆ

ಸಂಜೆ ಆರಕ್ಕೆ ಕಿಟಕಿ ಮುಚ್ಚಿಸುವುದು ಕ್ಯೂಲೆಕ್ಸ್ ಸೊಳ್ಳೆ. ಹುಟ್ಟುವುದು ರಾಜಕಾಲುವೆಯ ಕೊಳಕು ನೀರಿನಲ್ಲಿ, ನಮ್ಮ ಕೈಮೀರಿದ್ದು. ಡೆಂಗಿ ತರುವ ಈಡಿಸ್ ಹಗಲು ಕಚ್ಚುತ್ತದೆ, ಮನೆಯ ಶುಭ್ರ ನೀರಿನಲ್ಲೇ ಹುಟ್ಟುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ, ಆದ್ದರಿಂದ ವಾರಕ್ಕೊಮ್ಮೆ ಎಲ್ಲವನ್ನೂ ಒಣಗಿಸಿದರೆ ಸಂತತಿ ಮುರಿಯುತ್ತದೆ. ನೀರು ಚೆಲ್ಲಿದರೆ ಸಾಲದು, ಪಾತ್ರೆಯ ಒಳಬದಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದು ಮತ್ತೆ ನೀರು ಬಿದ್ದಾಗ ಮರಿಯಾಗುತ್ತದೆ, ಉಜ್ಜಬೇಕು. ಹುಡುಕದೆ ಬಿಡುವ ಜಾಗಗಳು: ಫ್ರಿಜ್ಜಿನ ಹಿಂದಿನ ತಟ್ಟೆ, ಮನಿಪ್ಲಾಂಟ್ ಬಾಟಲಿ, ಸಂಪಿನ ಮುಚ್ಚಳದ ಸಂದಿ, ಟ್ಯಾಂಕಿನ ಓವರ್‌ಫ್ಲೋ ಪೈಪಿನ ಬಾಯಿ. ಕೊನೆಯದಕ್ಕೆ ಒಂದು ಚೂರು ಸೊಳ್ಳೆ ಪರದೆ, ಒಂದು ರಬ್ಬರ್ ಬ್ಯಾಂಡು ಸಾಕು.

ಕಿಟಕಿಯಾಚೆ

ಇಷ್ಟರ ಮೇಲೂ ಮನೆಯೊಳಗೆ ಸರಿಪಡಿಸಲಾಗದ್ದು ಉಳಿಯುತ್ತದೆ. ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರ ಪೈಕಿ ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಅವರಿಗೆ ಬಲವಾದ ನೋವಿನ ಮದ್ದೂ ಕಡಿಮೆ ಬೇಕಾಯಿತು. 46 ರೋಗಿಗಳ ಸಣ್ಣ ಅಧ್ಯಯನ, ಹಾಗಂತ ತಳ್ಳಿಹಾಕುವಂಥದ್ದಲ್ಲ. ಬೆಂಗಳೂರಿನದ್ದೇ ಲೆಕ್ಕ ಬೇಕೆಂದರೆ, ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಇಲ್ಲಿನ ರಸ್ತೆಗಳಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಪ್ರಕಾರ ಸಾಲುಮರದ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ತಾಪ 5.6 ಡಿಗ್ರಿವರೆಗೆ, ಡಾಂಬರಿನ ಮೇಲ್ಮೈ ತಾಪ 27.5 ಡಿಗ್ರಿವರೆಗೆ ಕಡಿಮೆ. ಟೆರೇಸಿಗೆ ಎಷ್ಟೇ ಸುಣ್ಣ ಬಳಿದರೂ ಬಾರದ ಲಾಭ ಇದು.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಮಹಾನಗರಗಳಲ್ಲಿ ಮಾನಸಿಕ ಕಾಯಿಲೆಯ ಪ್ರಮಾಣ ಹಳ್ಳಿಗಳ ಸುಮಾರು ಎರಡು ಪಟ್ಟು ಕಂಡಿತು. ದೋಷವನ್ನೆಲ್ಲ ಸ್ಲ್ಯಾಬಿನ ಮೇಲೆ ಹೊರಿಸಲಾಗದು. ಸಾಲ, ಕೆಲಸ, ಒಂಟಿತನ ಎಲ್ಲ ಸೇರಿದೆ. ಆದರೆ ಒಂಟಿತನಕ್ಕೂ ಕಟ್ಟಡಕ್ಕೂ ನಂಟಿದೆ. ಹಳೇ ಮನೆಯ ಜಗಲಿ, ವಠಾರದ ನಡುವಿನ ಅಂಗಳ, ಕರೆಯದೆಯೇ ನಾಲ್ಕು ಜನ ಸೇರುವ ಜಾಗಗಳು. ಈಗಿನ ಮನೆಯ ನೆಲಮಹಡಿ ಕಾರಿನದ್ದು. ಬೀದಿಯ ಮಟ್ಟದಲ್ಲಿ ಮನುಷ್ಯರ ಮುಖವೇ ಕಾಣದು. ಗೇಟಿನ ಪಕ್ಕ ಎರಡಡಿ ಅಗಲದ ಕಲ್ಲುಬೆಂಚು ಹಾಕಿಸಲು ಕಾರಿಗೇನೂ ತೊಂದರೆಯಿಲ್ಲ.

ಬಾಡಿಗೆಗೆ ಮನೆ ಹುಡುಕುವವರಿಗೆ ಬ್ರೋಕರು ಸಾಮಾನ್ಯವಾಗಿ ತೋರಿಸುವುದು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ: ರಸ್ತೆಯಲ್ಲಿ ಗಾಡಿಯಿಲ್ಲ, ಸೂರಿನ್ನೂ ಕಾದಿಲ್ಲ. ಮುಂಗಡ ಕೊಡುವ ಮುನ್ನ ವಾರದ ದಿನ ಸಂಜೆ ಏಳಕ್ಕೆ ಇನ್ನೊಮ್ಮೆ ಹೋಗಿ. ಬೆಡ್‌ರೂಮಿನ ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ. ಬಾಗಿಲು ಮುಚ್ಚಿ, ಕಿಟಕಿ ತೆರೆದು ಐದು ನಿಮಿಷ ಸುಮ್ಮನೆ ನಿಲ್ಲಿ. ಊದುಬತ್ತಿಯೊಂದನ್ನು ಹಚ್ಚಿ ಹೊಗೆ ಯಾವ ಕಡೆ ಹೋಗುತ್ತದೆ ಗಮನಿಸಿ. ನೇರ ಮೇಲೆದ್ದು ಸೂರಿನಡಿ ನಿಂತರೆ ಆ ರೂಮಿಗೆ ಗಾಳಿಯಿಲ್ಲ. ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ನೇತಾಡುತ್ತಿದ್ದರೆ ಮುಂದಿನ ಮಾತು ಬಾಡಿಗೆಯದ್ದಲ್ಲ, ಅದರದ್ದು.